ಊರ ಪೈಪು ಮುಗಿದಲ್ಲಿ ಪರ್ಮಿಟ್ಟೂ ಮುಗಿಯಬೇಕಾ?

ಬೆಳೆಗೆ ಔಷಧಿ ಹೊಡೆಯುವ ಡ್ರಮ್ಮಿಗೆ ನೀರು ತುಂಬಿಸುವಾಗ ಹೆಚ್ಚಿನವರು ಮಾಡುವುದು ಒಂದೇ. ಹೋಸ್ ಪೈಪಿನ ತುದಿಯನ್ನು ಡ್ರಮ್ಮಿನ ಒಳಕ್ಕೆ ಇಳಿಬಿಡುತ್ತಾರೆ, ನಲ್ಲಿ ತಿರುಗಿಸುತ್ತಾರೆ, ಬೇರೆ ಕೆಲಸಕ್ಕೆ ಹೋಗುತ್ತಾರೆ. ವಾಪಸ್ಸು ಬರುವ ಹೊತ್ತಿಗೆ ಪೈಪಿನ ಬಾಯಿ ಔಷಧಿ ಬೆರೆತ ನೀರಿನಲ್ಲಿ ಮುಳುಗಿರುತ್ತದೆ. ಅಷ್ಟರಲ್ಲಿ ಕರೆಂಟು ಹೋಯಿತು ಅಂದುಕೊಳ್ಳಿ. ಪಂಪು ನಿಂತಿತು, ಪೈಪಿನೊಳಗಿನ ಒತ್ತಡ ಇಳಿಯಿತು. ಮನೆಯ ಕೆಳಭಾಗದಲ್ಲಿ ಯಾರೋ ಕೈ ತೊಳೆಯಲು ಇನ್ನೊಂದು ನಲ್ಲಿ ತೆರೆದರು. ಲೈನಿನಲ್ಲಿದ್ದ ನೀರು ಅತ್ತ ಇಳಿಯುತ್ತಿದ್ದಂತೆ ಹಿಂದೆ ಎಳೆತ ಹುಟ್ಟುತ್ತದೆ. ಡ್ರಮ್ಮಿನಲ್ಲಿದ್ದದ್ದು ಹೋಸಿನ ಮೂಲಕ ಕುಡಿಯುವ ನೀರಿನ ಲೈನಿಗೆ ಬರುತ್ತದೆ. ಸ್ಟ್ರಾ ಹಾಕಿ ಎಳೆದ ಹಾಗೆ. ನೀರನ್ನು ಒಂದೇ ದಿಕ್ಕಿಗೆ ಬಿಡುವ ಪಂಪಿನ ಚೆಕ್ ವಾಲ್ವ್ ಕೂಡ ಕೆಟ್ಟಿದ್ದರೆ ಅದು ಬೋರ್‌ವೆಲ್‌ವರೆಗೂ ಇಳಿಯಬಹುದು.

ತಡೆಯುವುದು ದೊಡ್ಡ ವಿದ್ಯೆಯೇನಲ್ಲ. ಪೈಪಿನ ಬಾಯಿ ಡ್ರಮ್ಮಿನ ಅಂಚಿಗಿಂತ ಮೇಲಿದ್ದರೆ ಸಾಕು. ಎಷ್ಟು ಮೇಲೆ ಅಂದರೆ, ಸಾಮಾನ್ಯ ಲೆಕ್ಕದಲ್ಲಿ ಪೈಪಿನ ಬಾಯಿಯ ಅಗಲದ ಎರಡರಷ್ಟು. ನಡುವೆ ಗಾಳಿ ಇದ್ದರೆ ನೀರು ಹಿಂದಕ್ಕೆ ಜಿಗಿಯಲಾರದು. ಇಲ್ಲವೇ ನಲ್ಲಿಯ ಬಾಯಿಗೆ ವ್ಯಾಕ್ಯೂಮ್ ಬ್ರೇಕರ್ ಅನ್ನುವ ಪುಟ್ಟ ಬಿಡಿಭಾಗ ತಿರುಗಿಸಿ ಹಾಕಬೇಕು. ಎಳೆತ ಶುರುವಾದ ಕೂಡಲೇ ಅದು ಹೊರಗಿನ ಗಾಳಿಯನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಎಳೆತ ಅಲ್ಲಿಗೇ ಮುರಿಯುತ್ತದೆ.

ಪ್ರಶ್ನೆ ಇರುವುದು ಆ ಬಿಡಿಭಾಗದ ಬಗ್ಗೆ ಅಲ್ಲ. ಅದು ಇದೆಯಾ ಇಲ್ವಾ ಅಂತ ನೋಡುವವರು ಯಾರು ಅನ್ನುವುದು. ನಗರದಲ್ಲಾದರೆ ಉತ್ತರ ಸಾಮಾನ್ಯವಾಗಿ ಸುಲಭ. ಲೈಸೆನ್ಸ್ ಇರುವ ಪ್ಲಂಬರ್ ಹಾಕಬೇಕು, ಕೆಲಸಕ್ಕೆ ಪರ್ಮಿಟ್ ಬೇಕು, ಇನ್‌ಸ್ಪೆಕ್ಟರ್ ಬಂದು ನೋಡಬೇಕು. ಹಳ್ಳಿಗಾಡಿನಲ್ಲಿ ಎಷ್ಟೋ ಕಡೆ ಉತ್ತರ: ಯಾರೂ ಇಲ್ಲ. ಅದು ಕಾನೂನು ತಪ್ಪಿಸಿ ಆದದ್ದೂ ಅಲ್ಲ. ಎಷ್ಟೋ ಸಲ ಕಾನೂನೇ ಹಾಗಿದೆ.

ಮೊದಲು ಮೂರು ಮಾತುಗಳನ್ನು ಬಿಡಿಸಿಕೊಳ್ಳೋಣ, ಯಾಕೆಂದರೆ ಈ ಚರ್ಚೆಯಲ್ಲಿ ಅರ್ಧ ಜಗಳ ಹುಟ್ಟುವುದು ಅವನ್ನು ಬೆರೆಸಿಬಿಡುವುದರಿಂದ. ಲೈಸೆನ್ಸ್ ಸಿಗುವುದು ಮನುಷ್ಯನಿಗೆ. ಇಷ್ಟು ಗಂಟೆ ಕೆಲಸ ಕಲಿತಿದ್ದಾನೆ, ಪರೀಕ್ಷೆ ಪಾಸಾಗಿದ್ದಾನೆ ಎಂಬ ಗುರುತು ಅದು. ಪರ್ಮಿಟ್ ಸಿಗುವುದು ಕೆಲಸಕ್ಕೆ. ಈ ಜಾಗದಲ್ಲಿ ಈ ಪೈಪು ಹಾಕುತ್ತೇವೆ ಎಂದು ಮೊದಲೇ ತಿಳಿಸಿ ಪಡೆಯುವ ಒಪ್ಪಿಗೆ. ಮೂರನೆಯದು ತಪಾಸಣೆ, ಅಂದರೆ ಹಾಕಿದ್ದನ್ನು ಇನ್ನೊಬ್ಬರ ಕಣ್ಣಲ್ಲಿ ನೋಡುವುದು. ಒಂದು ಇದ್ದು ಇನ್ನೊಂದು ಇಲ್ಲದಿರಬಹುದು. ಲೈಸೆನ್ಸ್ ಇಲ್ಲದ ಮನೆಯೊಡೆಯ ತನ್ನ ಮನೆಯ ಕೆಲಸಕ್ಕೆ ಪರ್ಮಿಟ್ ತೆಗೆದುಕೊಳ್ಳಬಹುದು. ಲೈಸೆನ್ಸ್ ಇರುವ ಪ್ಲಂಬರ್ ಯಾವ ಪರ್ಮಿಟ್ಟೂ ಇಲ್ಲದೆ ರಾತ್ರೋರಾತ್ರಿ ಕೆಲಸ ಮುಗಿಸಿ ಹೋಗಬಹುದು. "ಲೈಸೆನ್ಸ್ ಬೇಕಾ ಬೇಡ್ವಾ" ಅನ್ನುವ ಒಂದೇ ಪ್ರಶ್ನೆಗೆ ಗಂಟು ಬಿದ್ದರೆ ಈ ವಿಷಯ ಅರ್ಥವಾಗುವುದಿಲ್ಲ.

ಇನ್ನು, ಈ ನಿಯಮಗಳು ಹುಟ್ಟಿದ್ದು ಎಲ್ಲಿ? ನಗರಗಳಲ್ಲಿ. 1933ರಲ್ಲಿ ಷಿಕಾಗೋದಲ್ಲಿ ವಿಶ್ವ ಮೇಳ ನಡೆದಾಗ ಎರಡು ಹೋಟೆಲುಗಳಲ್ಲಿ ಉಳಿದಿದ್ದವರಿಗೆ ಅಮೀಬಾ ಭೇದಿ ತಗುಲಿತು. ಹಳೆಯ ಪೈಪುಗಳಲ್ಲಿ ಚರಂಡಿ ನೀರು ಕುಡಿಯುವ ನೀರಿಗೆ ಸೇರಿತ್ತು. 1,400ಕ್ಕೂ ಹೆಚ್ಚು ಜನಕ್ಕೆ ಕಾಯಿಲೆ ಬಂತು, 98 ಮಂದಿ ಸತ್ತರು. ಮೇಳಕ್ಕೆ ಬಂದವರು ತಮ್ಮ ತಮ್ಮ ಊರಿಗೆ ಮರಳಿದ ಮೇಲೆ ಮಲಗಿದ್ದರಿಂದ ಕಾರಣ ಪತ್ತೆಯಾಗುವುದೂ ತಡವಾಯಿತು. ಒಂದು ಕಟ್ಟಡದ ತಪ್ಪು ಜೋಡಣೆ ಸಾವಿರ ಜನರನ್ನು ಮುಟ್ಟಬಲ್ಲದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿರಲಿಲ್ಲ. ನೀರಿನ ಲೈನು ಎಲ್ಲರಿಗೂ ಒಂದೇ ಆದ್ದರಿಂದ ಅದನ್ನು ಮುಟ್ಟುವವನ ಮೇಲೆ ಎಲ್ಲರಿಗೂ ಹಕ್ಕಿದೆ. ಪ್ಲಂಬಿಂಗ್ ಕಾನೂನುಗಳ ಒಳಗಿನ ತರ್ಕ ಇದೇ.

ಆ ತರ್ಕಕ್ಕೆ ಒಂದು ಬಾಲ ಇದೆ. ಎಲ್ಲರ ಪೈಪು ಎಲ್ಲಿ ಮುಗಿಯುತ್ತದೋ ಅಲ್ಲಿ ಎಲ್ಲರ ಹಕ್ಕೂ ಮುಗಿಯುತ್ತದೆ.

ಅಮೆರಿಕವನ್ನೇ ನೋಡಿ. ಅಲ್ಲಿ ಪ್ಲಂಬರ್ ಲೈಸೆನ್ಸ್ ಕೇಂದ್ರ ಸರ್ಕಾರದ ವಿಷಯವಲ್ಲ, ರಾಜ್ಯಗಳದ್ದು. ಪೆನ್ಸಿಲ್ವೇನಿಯಾ, ಮಿಸೌರಿ, ಕ್ಯಾನ್ಸಸ್ ಥರದ ರಾಜ್ಯಗಳಲ್ಲಿ ಇಡೀ ರಾಜ್ಯಕ್ಕೆ ಅನ್ವಯಿಸುವ ಪ್ಲಂಬರ್ ಲೈಸೆನ್ಸೇ ಇಲ್ಲ. ನಗರಗಳು, ಕೌಂಟಿಗಳು (ನಮ್ಮ ಜಿಲ್ಲೆಯಂಥವು) ಬೇಕೆಂದರೆ ಮಾಡಿಕೊಳ್ಳಬೇಕು. ಫಿಲಡೆಲ್ಫಿಯಾದಂಥ ನಗರ ಮಾಡಿಕೊಂಡಿದೆ. ದೂರದ ಹಳ್ಳಿಗಾಡಿನ ಕೌಂಟಿಗೆ ಅದಕ್ಕೆ ಬೇಕಾದ ಸಿಬ್ಬಂದಿ ಎಲ್ಲಿಂದ ಬರಬೇಕು? ಟೆಕ್ಸಾಸ್‌ನಲ್ಲಿ ರಾಜ್ಯಮಟ್ಟದ ಲೈಸೆನ್ಸ್ ಇದೆ, ಆದರೆ ಮನೆಯೊಡೆಯ ತಾನು ವಾಸಿಸುವ ಸ್ವಂತ ಮನೆಯಲ್ಲಿ ಕೆಲಸ ಮಾಡಿಕೊಂಡರೆ ಲೈಸೆನ್ಸ್ ಬೇಡ. ಪಟ್ಟಣದ ಗಡಿಯ ಹೊರಗಿನ ಮತ್ತು 5,000ಕ್ಕಿಂತ ಕಡಿಮೆ ಜನ ಇರುವ ಊರುಗಳ ಕೆಲವು ಕೆಲಸಗಳಿಗೂ ಷರತ್ತುಗಳ ಜೊತೆ ವಿನಾಯಿತಿ ಇದೆ.

ಕುಡಿಯುವ ನೀರಿನ ಗುಣಮಟ್ಟದ ಕಾನೂನೂ ಹಾಗೇ. 1974ರಲ್ಲಿ ಬಂದ ಅಮೆರಿಕದ ಸುರಕ್ಷಿತ ಕುಡಿಯುವ ನೀರಿನ ಕಾಯ್ದೆ ಕಣ್ಣಿಡುವುದು ಸಾರ್ವಜನಿಕ ನೀರಿನ ವ್ಯವಸ್ಥೆಗಳ ಮೇಲೆ. ಸಾರ್ವಜನಿಕ ಅಂದರೆ ಕನಿಷ್ಠ 15 ಸಂಪರ್ಕ ಇರಬೇಕು, ಇಲ್ಲವೇ ವರ್ಷಕ್ಕೆ 60 ದಿನವಾದರೂ 25 ಜನಕ್ಕೆ ನೀರು ಕೊಡುತ್ತಿರಬೇಕು. ಅದಕ್ಕಿಂತ ಚಿಕ್ಕದಾದರೆ ಅದು ನಿಮ್ಮ ಸ್ವಂತ ವಿಷಯ. ಹೀಗೆ ಸ್ವಂತ ಬಾವಿಯ ಮೇಲೆ ಬದುಕುವವರು ಆ ದೇಶದಲ್ಲಿ ಸುಮಾರು 4.3 ಕೋಟಿ ಜನ. ಐದರಲ್ಲಿ ಒಂದಕ್ಕಿಂತ ಹೆಚ್ಚು ಮನೆಗಳ ಕೊಳಚೆ ಹೋಗುವುದು ಚರಂಡಿಗಲ್ಲ, ಸೆಪ್ಟಿಕ್ ಟ್ಯಾಂಕಿಗೋ ಅಂಥದ್ದಕ್ಕೋ.

ಇಂಗ್ಲೆಂಡಿನದು ಬೇರೆಯೇ ಕಥೆ. ಅಲ್ಲಿ ಯಾರು ಬೇಕಾದರೂ ಪ್ಲಂಬರ್ ಅಂತ ಬೋರ್ಡು ಹಾಕಿಕೊಳ್ಳಬಹುದು. ಕೇಳಿದವರಿಗೆ ಆಶ್ಚರ್ಯವಾಗುತ್ತದೆ, ಆದರೆ ನಿಜ. ಗ್ಯಾಸ್ ಮುಟ್ಟಿದರೆ ಮಾತ್ರ ಕಡ್ಡಾಯ ನೋಂದಣಿ ಬೇಕು. 2009ರಿಂದ ಅದರ ಹೆಸರು ಗ್ಯಾಸ್ ಸೇಫ್. ನೀರಿನ ವಿಷಯದಲ್ಲಿ ಅವರು ಮನುಷ್ಯನಿಗಿಂತ ಕೆಲಸವನ್ನು ಹಿಡಿದಿದ್ದಾರೆ. 1999ರ ನೀರಿನ ಫಿಟ್ಟಿಂಗ್ ನಿಯಮಗಳ ಪ್ರಕಾರ ಕೆಲವು ಕೆಲಸಗಳಿಗೆ ಮೊದಲೇ ನೀರು ಸರಬರಾಜು ಕಂಪನಿಗೆ ತಿಳಿಸಬೇಕು. ಹಿಂದಕ್ಕೆ ಎಳೆಯಬಹುದಾದ ದ್ರವವನ್ನು ಅಪಾಯದ ಲೆಕ್ಕದಲ್ಲಿ ಒಂದರಿಂದ ಐದರವರೆಗೆ ವಿಂಗಡಿಸಿ, ಯಾವುದಕ್ಕೆ ಎಂಥ ತಡೆ ಬೇಕು ಅಂತ ಹೇಳಿದ್ದಾರೆ. ಚೆನ್ನಾಗಿದೆ ಅಲ್ವಾ? ಆದರೆ ಈ ನಿಯಮಗಳು ಅನ್ವಯಿಸುವುದು ನೀರು ಸರಬರಾಜು ಕಂಪನಿಯ ಸಂಪರ್ಕ ಇರುವ ಜಾಗಗಳಿಗೆ. ಸ್ವಂತ ಬಾವಿಯ ತೋಟದ ಮನೆಗೆ ಆ ಪಟ್ಟಿ ಸುಮ್ನೆ ಓದಿಕೊಳ್ಳಲು. ಅಲ್ಲೂ ಅದೇ ಬಾಲ.

ಈ ವಿನಾಯಿತಿಗಳನ್ನು ಕಂಡು ಅಧಿಕಾರಿಗಳ ಸೋಮಾರಿತನ ಅಂತ ಬೈಯುವುದು ಸುಲಭ. ಆದರೆ ಅವುಗಳ ಹಿಂದೆ ಕಾರಣವಿದೆ. ಹಳ್ಳಿಗಾಡಿನ ಒಬ್ಬ ಇನ್‌ಸ್ಪೆಕ್ಟರ್‌ಗೆ ಬೆಳಿಗ್ಗೆ ಒಂದು ಮನೆ, ಮಧ್ಯಾಹ್ನ ಇನ್ನೊಂದು ಮನೆ ನೋಡುವುದರಲ್ಲೇ ದಿನ ಮುಗಿಯುತ್ತದೆ. ನಡುವೆಯೆಲ್ಲ ರಸ್ತೆ. ಅವರು ಬರುವವರೆಗೆ ಅಗೆದ ಕಾಲುವೆ ತೆರೆದೇ ಇರಬೇಕು. ಮಳೆ ಬಂದರೆ ಕುಸಿಯುತ್ತದೆ, ಕೂಲಿಯವರು ಕಾಯುತ್ತಾ ಕೂರುತ್ತಾರೆ. ಲೈಸೆನ್ಸ್ ಇರುವ ಪ್ಲಂಬರ್ ಹತ್ತಿರದ ಪಟ್ಟಣದಲ್ಲಿರುತ್ತಾನೆ, ಅವನು ಒಂದು ವಾಷರ್ ಬದಲಾಯಿಸಲು ಅಷ್ಟು ದೂರ ಬರುವುದಿಲ್ಲ. ಬಂದರೂ ಓಡಾಟದ ಖರ್ಚೇ ಕೆಲಸಕ್ಕಿಂತ ಜಾಸ್ತಿ. ಹಳ್ಳಿಯಲ್ಲಿ ಬಾವಿ ಪಂಪು, ಮೋಟರು, ಪೈಪು, ಬಾಗಿಲ ಚಿಲಕ ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುತ್ತಾನೆ. ಅವನನ್ನು "ಅನಧಿಕೃತ" ಅಂದುಬಿಟ್ಟರೆ ಉಳಿಯುವುದು ಯಾರೂ ಇಲ್ಲದ ಜಾಗ.

ಜೊತೆಗೆ ಒಂದು ವಾದವಿದೆ. ನನ್ನ ಬಾವಿ, ನನ್ನ ಪೈಪು, ನನ್ನ ಮನೆ. ಕೆಟ್ಟರೆ ನನಗೇ ಕೆಡುತ್ತದೆ, ಸರ್ಕಾರಕ್ಕೇನು ಕೆಲಸ?

ಈ ವಾದದಲ್ಲಿ ಹುರುಳಿಲ್ಲ ಅನ್ನಲಾರೆ. ಆದರೆ ಅದು ನೆಲದ ಮೇಲಷ್ಟೇ ನಿಲ್ಲುತ್ತದೆ. ನೆಲದ ಕೆಳಗೆ ಬೇಲಿ ಇಲ್ಲ. ನನ್ನ ಇಂಗುಗುಂಡಿಯಿಂದ ಇಳಿದದ್ದು ಅಂತರ್ಜಲದ ಜೊತೆ ಸಾಗುತ್ತದೆ, ಪಕ್ಕದವರ ಬಾವಿ ಎಲ್ಲಿದೆ ಅಂತ ಕೇಳಿಕೊಂಡು ತಿರುಗುವುದಿಲ್ಲ. ಕಕ್ಕಸು ಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಕನಿಷ್ಠ 30 ಮೀಟರ್ ಇರಲಿ, ಗುಂಡಿಯ ತಳ ಅಂತರ್ಜಲಕ್ಕಿಂತ ಒಂದೂವರೆ ಮೀಟರಾದರೂ ಮೇಲಿರಲಿ ಎಂದು ಪರಿಹಾರ ಶಿಬಿರಗಳಿಗೆ ಬಳಸುವ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅಮೆರಿಕದ ಎಷ್ಟೋ ಕಡೆ ಬಾವಿಯಿಂದ ಸೆಪ್ಟಿಕ್ ಟ್ಯಾಂಕಿಗೆ 50 ಅಡಿ, ಇಂಗು ಜಾಗಕ್ಕೆ 100 ಅಡಿ ಎಂಬ ಲೆಕ್ಕವಿದೆ. ಈ ಅಂತರ ಅಳೆಯುವಾಗ ನನ್ನ ಬಾವಿ ಒಂದನ್ನೇ ನೋಡಿದರೆ ಸಾಲದು. ಪಕ್ಕದ ಜಮೀನಿನಲ್ಲಿ ನಾಳೆ ಯಾರಾದರೂ ಕೊರೆಸುವ ಬೋರ್‌ವೆಲ್ಲೂ ಲೆಕ್ಕಕ್ಕೆ ಬರಬೇಕು. ಪರ್ಮಿಟ್ ಅನ್ನುವುದರ ನಿಜವಾದ ಉಪಯೋಗ ಇದು. ಯಾರ ಗುಂಡಿ ಎಲ್ಲಿದೆ ಅನ್ನುವ ನಕ್ಷೆ ಒಂದು ಕಡೆ ಉಳಿಯುತ್ತದೆ. ಆ ನಕ್ಷೆ ಇಲ್ಲದಿದ್ದರೆ ಮೂವತ್ತು ವರ್ಷದ ಮೇಲೆ ಆ ಮನೆ ಕೊಂಡವನಿಗೆ ಟ್ಯಾಂಕು ಅಂಗಳದ ಯಾವ ಮೂಲೆಯಲ್ಲಿದೆ ಅಂತಲೂ ಗೊತ್ತಾಗುವುದಿಲ್ಲ.

ಮನೆಯೂ ಸದಾ ಒಬ್ಬರದೇ ಆಗಿರುವುದಿಲ್ಲ. ಮಾರುತ್ತೇವೆ, ಬಾಡಿಗೆಗೆ ಕೊಡುತ್ತೇವೆ, ನೆಂಟರು ಬಂದು ಉಳಿಯುತ್ತಾರೆ.

ಗ್ಯಾಸ್ ಪೈಪಿನ ವಿಷಯಕ್ಕೆ ಬಂದರೆ "ನನಗೇ ಕೆಡುತ್ತದೆ" ಅನ್ನುವ ಮಾತು ಅಲ್ಲಿಗೇ ಮುಗಿಯುತ್ತದೆ. ಪೂರ್ವ ಟೆಕ್ಸಾಸ್‌ನ ನ್ಯೂ ಲಂಡನ್ ಎಂಬ ಗ್ರಾಮೀಣ ಊರಿನಲ್ಲಿ ಎಣ್ಣೆ ಬಾವಿಗಳ ದುಡ್ಡಿನಿಂದ ದೊಡ್ಡ ಶಾಲೆ ಕಟ್ಟಿದ್ದರು. ಖರ್ಚು ಉಳಿಸಲು ಕಂಪನಿಯಿಂದ ಗ್ಯಾಸ್ ಕೊಳ್ಳುವುದನ್ನು ನಿಲ್ಲಿಸಿ, ಹತ್ತಿರದಲ್ಲೇ ಹಾದುಹೋಗುತ್ತಿದ್ದ ಎಣ್ಣೆ ಕಂಪನಿಯ ಉಳಿಕೆ ಗ್ಯಾಸಿನ ಲೈನಿಗೆ ಪೈಪು ಜೋಡಿಸಿಕೊಂಡರು. ಆ ಭಾಗದಲ್ಲಿ ಮನೆಗಳೂ ಚರ್ಚುಗಳೂ ಹಾಗೆ ಮಾಡುತ್ತಿದ್ದವು, ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ. ಆ ಗ್ಯಾಸಿಗೆ ವಾಸನೆ ಇರಲಿಲ್ಲ. ಸೋರಿದ್ದು ನೆಲಮಟ್ಟದ ಕೆಳಗಿನ ಪೊಳ್ಳು ಜಾಗದಲ್ಲಿ ತುಂಬಿಕೊಂಡಿತು. 1937ರ ಮಾರ್ಚ್ 18ರಂದು ಕಾರ್ಯಾಗಾರದ ಒಂದು ಯಂತ್ರದ ಸ್ವಿಚ್ ಹಾಕಿದಾಗ ಕಿಡಿ ಹಾರಿತು. ಸುಮಾರು 300 ಜನ ಸತ್ತರು. ಹೆಚ್ಚಿನವರು ಮಕ್ಕಳು. ಇಂದು ಗ್ಯಾಸ್ ಸೋರಿದರೆ ಕೊಳೆತ ಮೊಟ್ಟೆಯಂಥ ವಾಸನೆ ಬರುತ್ತದಲ್ಲ, ಅದನ್ನು ಬೆರೆಸುವುದು ಕಾನೂನಿನ ಕಡ್ಡಾಯವಾಗಿ ಹರಡಲು ದೊಡ್ಡ ಕಾರಣ ಈ ದುರಂತ. ಅದೇ ವರ್ಷ ಟೆಕ್ಸಾಸ್ ಎಂಜಿನಿಯರುಗಳ ನೋಂದಣಿ ಕಾನೂನನ್ನೂ ತಂದಿತು.

ಇಲ್ಲಿ ಒಂದು ವಿಷಯ ಗಮನಿಸಬೇಕು. ಊರ ಪೈಪು ಮುಗಿದ ಜಾಗದಲ್ಲಿ ಅಪಾಯ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ನಗರದ ಮನೆಗೆ ಬರುವ ನೀರನ್ನು ಯಾರೋ ಶುದ್ಧ ಮಾಡಿರುತ್ತಾರೆ, ಕೊಳಚೆಯನ್ನು ಯಾರೋ ಒಯ್ಯುತ್ತಾರೆ. ನಡುವಿನ ಕೆಲವು ಮೀಟರ್ ಪೈಪು ಮಾತ್ರ ಮನೆಯವರದು. ತೋಟದ ಮನೆ ಹಾಗಲ್ಲ. ಅದು ತಾನೇ ಒಂದು ನೀರು ಸರಬರಾಜು ಮಂಡಳಿ, ತಾನೇ ಒಂದು ಕೊಳಚೆ ಘಟಕ. ನಗರದಲ್ಲಿ ಹತ್ತು ಜನ ತಜ್ಞರು ಹಂಚಿಕೊಳ್ಳುವ ಕೆಲಸ ಅಲ್ಲಿ ಒಂದು ಕುಟುಂಬದ ತಲೆಯ ಮೇಲಿದೆ. ಕಾನೂನು ಜಾಸ್ತಿ ನೋಡುವುದು ಆ ಕೆಲವು ಮೀಟರನ್ನು. ಇದು ಉಲ್ಟಾ ಆಯಿತಲ್ಲ?

ಒಂದು ಸಣ್ಣ ಬಿಡಿಭಾಗ ಹತ್ತಿರದಿಂದ ನೋಡಿ. ಬಿಸಿನೀರಿನ ಟ್ಯಾಂಕಿನ ಮೇಲ್ಭಾಗದಲ್ಲೋ ಪಕ್ಕದಲ್ಲೋ ಚಿಕ್ಕ ಹಿಡಿಕೆಯಿರುವ ಒಂದು ಹಿತ್ತಾಳೆಯ ವಾಲ್ವ್ ಇರುತ್ತದೆ. ಒತ್ತಡವೋ ಉಷ್ಣತೆಯೋ ಮಿತಿ ಮೀರಿದರೆ ತಾನೇ ತೆರೆದುಕೊಂಡು ನೀರು ಹೊರಬಿಡುವುದು ಅದರ ಕೆಲಸ. ಅಮೆರಿಕದ ಮನೆಗಳ ಟ್ಯಾಂಕುಗಳಲ್ಲಿ ಈ ಮಿತಿ ಸಾಮಾನ್ಯವಾಗಿ 150 ಪಿಎಸ್‌ಐ ಒತ್ತಡ, 99 ಡಿಗ್ರಿ ಸೆಲ್ಸಿಯಸ್. ವಯಸ್ಸಾದ ವಾಲ್ವ್ ತೊಟ್ಟಿಕ್ಕಲು ಶುರುಮಾಡುತ್ತದೆ. ನೆಲ ಒದ್ದೆಯಾಗುತ್ತದೆ ಅಂತ ಯಾರೋ ಅದರ ಬಾಯಿಗೆ ಒಂದು ಪ್ಲಗ್ ತಿರುಗಿಸಿ, ಟೆಫ್ಲಾನ್ ಟೇಪ್ ಸುತ್ತಿ, ಚೊಕ್ಕ ಮಾಡಿಬಿಡುತ್ತಾರೆ. ತೊಟ್ಟಿಕ್ಕುವುದು ನಿಂತಿತು. ಕೆಲಸ ನೋಡಲು ಅಚ್ಚುಕಟ್ಟು. ಮುಂದೆ ಒಂದು ದಿನ ಬಿಸಿಯನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಕೆಟ್ಟು ನೀರು ಕಾಯುತ್ತಲೇ ಹೋದರೆ ಅದು ಹೋಗುವ ದಾರಿ ಇರುವುದಿಲ್ಲ. ಒತ್ತಡದಲ್ಲಿ 100 ಡಿಗ್ರಿ ದಾಟಿದ ನೀರು ಟ್ಯಾಂಕು ಸೀಳಿದ ಕ್ಷಣ ಹಬೆಯಾಗತೊಡಗುತ್ತದೆ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಟ್ಯಾಂಕು ಛಾವಣಿ ಒಡೆದುಕೊಂಡು ಹೋಗುವುದು ಹೀಗೆ.

ಈ ಪ್ಲಗ್ ಹಾಕಿದವನಿಗೆ ಕೈಗೆಲಸ ಬರುತ್ತಿರಲಿಲ್ಲ ಅನ್ನಲಾಗದು. ಅವನಿಗೆ ಗೊತ್ತಿಲ್ಲದಿದ್ದದ್ದು ಆ ವಾಲ್ವ್ ಅಲ್ಲಿ ಯಾಕಿದೆ ಅನ್ನುವುದು. ಪ್ಲಂಬಿಂಗ್‌ನಲ್ಲಿ ಎರಡು ಬಗೆಯ ತಪ್ಪುಗಳಿವೆ. ಒಂದು, ಕೂಡಲೇ ಕಾಣುವಂಥದ್ದು. ಸೋರುತ್ತದೆ, ಕಟ್ಟಿಕೊಳ್ಳುತ್ತದೆ, ಮನೆಯವರು ಬೈಯುತ್ತಾರೆ, ಮಾಡಿದವನೇ ಬಂದು ಸರಿಮಾಡುತ್ತಾನೆ. ಇದಕ್ಕೆ ಸರ್ಕಾರ ಬೇಡ, ಊರ ಬಾಯಿಯೇ ಸಾಕು. ಇನ್ನೊಂದು, ವರ್ಷಗಟ್ಟಲೆ ಸುಮ್ಮನಿದ್ದು ಒಂದು ದಿನ ಕೊಲ್ಲುವಂಥದ್ದು. ಮುಚ್ಚಿದ ವಾಲ್ವ್, ಡ್ರಮ್ಮಿನಲ್ಲಿ ಮುಳುಗಿದ ಹೋಸು, ಬಾವಿಗೆ ತೀರ ಹತ್ತಿರದ ಗುಂಡಿ, ಗ್ಯಾಸಿನ ಜೋಡಣೆ. ಇವನ್ನು ಗಿರಾಕಿ ಕಂಡುಹಿಡಿಯಲಾರ. ಇಲ್ಲಿಗೆ ಮಾತ್ರ ಮೂರನೆಯವರ ಕಣ್ಣು ಬೇಕೇ ಬೇಕು. ನನ್ನ ಪ್ರಕಾರ ಹಳ್ಳಿಗಾಡಿನ ನಿಯಮ ಯಾವುದೇ ಇರಲಿ, ಅದನ್ನು ಅಳೆಯಬೇಕಾದ್ದು ಇದರಿಂದ. ಈ ಎರಡನೆಯ ಬಗೆಯ ತಪ್ಪನ್ನು ಹಿಡಿಯುತ್ತದೆಯೋ ಇಲ್ಲವೋ.

ಲೈಸೆನ್ಸ್ ಇದ್ದ ಮಾತ್ರಕ್ಕೆ ಹಿಡಿಯುತ್ತದೆ ಅನ್ನುವವರು ಕೆನಡಾದ ವಾಕರ್ಟನ್ ಕಥೆ ಕೇಳಬೇಕು. ಇದು ಮನೆ ಪ್ಲಂಬಿಂಗ್‌ನದಲ್ಲ, ಊರ ನೀರಿನದು. ಆದರೂ ಲೈಸೆನ್ಸ್ ಅಂದರೆ ಏನು ಅನ್ನುವುದಕ್ಕೆ ಇದರಷ್ಟು ಸ್ಪಷ್ಟ ಉದಾಹರಣೆ ಕಡಿಮೆ. ಒಂಟಾರಿಯೊ ಪ್ರಾಂತ್ಯದ ಸುಮಾರು 5,000 ಜನರ ಊರು ಅದು. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆ ಬಂದು, ಹತ್ತಿರದ ಹೊಲಕ್ಕೆ ಹಾಕಿದ್ದ ಗೊಬ್ಬರದ ಅಂಶ ಊರಿನ ಒಂದು ಆಳವಿಲ್ಲದ ಬಾವಿಗೆ ಸೇರಿತು. ನೀರಿಗೆ ಸಾಕಷ್ಟು ಕ್ಲೋರಿನ್ ಹಾಕುತ್ತಿರಲಿಲ್ಲ. ಹಾಕಿದ್ದೇವೆ ಅಂತ ದಾಖಲೆಯಲ್ಲಿ ಸುಳ್ಳು ಅಂಕಿ ಬರೆಯುತ್ತಿದ್ದರು. ಇ-ಕೋಲೈ ಬ್ಯಾಕ್ಟೀರಿಯಾದಿಂದ 2,300ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಏಳು ಮಂದಿ ಸತ್ತರು. ನೀರು ಬಿಡುತ್ತಿದ್ದವರಿಗೆ ಸರ್ಟಿಫಿಕೇಟ್ ಇರಲಿಲ್ಲವೇ? ಇತ್ತು. ಹಿಂದಿನಿಂದ ಕೆಲಸದಲ್ಲಿದ್ದರು ಅನ್ನುವ ಒಂದೇ ಕಾರಣಕ್ಕೆ ಪರೀಕ್ಷೆ ಇಲ್ಲದೆ ಕೊಟ್ಟಿದ್ದರು. ನ್ಯಾಯಮೂರ್ತಿ ಡೆನಿಸ್ ಓಕಾನರ್ ನಡೆಸಿದ ವಿಚಾರಣೆಯಲ್ಲಿ ಇದೆಲ್ಲ ಹೊರಬಂತು. ಪಕ್ಕದ ಹೊಲದ ರೈತ ಮಾತ್ರ ತಪ್ಪು ಮಾಡಿರಲಿಲ್ಲ, ಸರಿಯಾದ ಕ್ರಮದಲ್ಲೇ ಗೊಬ್ಬರ ಹಾಕಿದ್ದ.

ಅಂದರೆ ಹೊಸ ಲೈಸೆನ್ಸ್ ಕಾನೂನು ತರುವಾಗ "ಈಗಾಗಲೇ ಕೆಲಸ ಮಾಡುತ್ತಿರುವವರಿಗೆ ಹಾಗೇ ಕೊಟ್ಟುಬಿಡೋಣ" ಅನ್ನುವ ಹೊಂದಾಣಿಕೆ ನೋಡಲು ಮಾನವೀಯ, ಒಳಗೆ ಟೊಳ್ಳು. ಅವರನ್ನು ಕೆಲಸದಿಂದ ತೆಗೆಯಬೇಕು ಅಂತ ನಾನು ಹೇಳುತ್ತಿಲ್ಲ. ಅವರಿಗೆ ಗೊತ್ತಿಲ್ಲದ್ದನ್ನು ಹೇಳಿಕೊಡದೆ ಕಾಗದ ಕೊಟ್ಟರೆ ಊರಿಗೆ ಸುಳ್ಳು ಧೈರ್ಯ ಕೊಟ್ಟಂತೆ.

ಹಾಗಾದರೆ ಬಿಗಿ ಮಾಡಿಬಿಡೋಣ, ಎಲ್ಲದಕ್ಕೂ ಲೈಸೆನ್ಸ್, ಎಲ್ಲದಕ್ಕೂ ಪರ್ಮಿಟ್? ಅದಕ್ಕೂ ಒಂದು ಬೆಲೆ ಇದೆ. ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು, ಕ್ಯಾರಲ್ ಮತ್ತು ಗ್ಯಾಸ್ಟನ್, 1981ರಲ್ಲಿ ಎಲೆಕ್ಟ್ರಿಷಿಯನ್‌ಗಳ ಲೈಸೆನ್ಸ್ ಬಗ್ಗೆ ಒಂದು ಸಂಗತಿ ತೋರಿಸಿದರು. ನಿಯಮ ಬಿಗಿ ಇದ್ದ ರಾಜ್ಯಗಳಲ್ಲಿ ಎಲೆಕ್ಟ್ರಿಷಿಯನ್‌ಗಳು ಕಡಿಮೆ ಇದ್ದರು. ಅಂಥ ಕಡೆ ಶಾಕ್ ಹೊಡೆದು ಸಾಯುವ ಪ್ರಕರಣಗಳು ಹೆಚ್ಚಿದ್ದವು. ಕಾರಣ ಊಹಿಸುವುದು ಕಷ್ಟವಲ್ಲ. ಕರೆದರೆ ಬರುವವರಿಲ್ಲ, ಬಂದರೆ ದುಬಾರಿ. ಜನ ತಾವೇ ವೈರು ಹಿಡಿಯುತ್ತಾರೆ. ಟೆಕ್ಸಾಸ್‌ನಲ್ಲಿ ಜರ್ನಿಮನ್, ಅಂದರೆ ಕಲಿಕೆ ಮುಗಿಸಿದ ಪ್ಲಂಬರ್ ಆಗುವ ಪರೀಕ್ಷೆಗೆ ಕೂರಲು 8,000 ಗಂಟೆ ಕೆಲಸ ಕಲಿತಿರಬೇಕು. ಪೂರ್ತಿ ಹೊತ್ತು ದುಡಿದರೂ ಸುಮಾರು ನಾಲ್ಕು ವರ್ಷ. ಕಲಿಸುವ ಮಾಸ್ಟರ್ ಪ್ಲಂಬರ್ ಊರಲ್ಲೇ ಇಲ್ಲದಿದ್ದರೆ ಹಳ್ಳಿಯ ಹುಡುಗ ಆ ಗಂಟೆಗಳನ್ನು ಎಲ್ಲಿ ಗಳಿಸಬೇಕು? ಪಟ್ಟಣಕ್ಕೆ ಹೋಗುತ್ತಾನೆ. ಹೋದವನು ಅಲ್ಲೇ ಉಳಿಯುತ್ತಾನೆ.

ಬಿಗಿ ನಿಯಮ ಬಡತನದ ಮೇಲೆ ಬಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿ ಇದೆ. ಅಲ್ಲಿಯ ಮಣ್ಣು ಜಿಗುಟಾದ ಕಪ್ಪು ಜೇಡಿ. ನೀರು ಇಂಗುವುದೇ ಇಲ್ಲ. ಮಾಮೂಲಿ ಸೆಪ್ಟಿಕ್ ಟ್ಯಾಂಕು ಅಲ್ಲಿ ನಡೆಯುವುದಿಲ್ಲ, ವಿಶೇಷ ವಿನ್ಯಾಸದ್ದು ಬೇಕು, ಅದು ಅಲ್ಲಿಯ ಬಡ ಕುಟುಂಬಗಳ ಕೈಗೆ ಎಟುಕುವುದಿಲ್ಲ. ಹಾಗಾಗಿ ಎಷ್ಟೋ ಮನೆಗಳಿಂದ ಪೈಪು ನೇರ ಹೊರಗೆ, ಕೊಳಚೆ ಅಂಗಳದಲ್ಲಿ. ರಾಜ್ಯದ ಕಾನೂನಿನಲ್ಲಿ ಅದು ಅಪರಾಧ. ಜನರಿಗೆ ನೋಟಿಸು ಬಂತು, ಬಂಧನದ ಭಯ ಬಂತು. ಟ್ಯಾಂಕು ಮಾತ್ರ ಬರಲಿಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಪರೀಕ್ಷೆಗೆ ಒಳಗಾದ 55 ಜನರಲ್ಲಿ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಮಂದಿಯಲ್ಲಿ ಕೊಕ್ಕೆಹುಳುವಿನ ಗುರುತು ಸಿಕ್ಕಿತು. ಅಮೆರಿಕದಿಂದ ಹೋಗಿಯೇಬಿಟ್ಟಿದೆ ಎಂದುಕೊಂಡಿದ್ದ ರೋಗ ಅದು. ಆ ಊರಿನ ಕಡೆಯವರೇ ಆದ ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಈ ವಿಷಯವನ್ನು ವರ್ಷಗಟ್ಟಲೆ ಹಿಡಿದು ಹೋರಾಡಿದರು. 2023ರ ಮೇ ತಿಂಗಳಲ್ಲಿ ಕೇಂದ್ರದ ನ್ಯಾಯ ಇಲಾಖೆ ಮತ್ತು ರಾಜ್ಯದ ಆರೋಗ್ಯ ಇಲಾಖೆ ಒಪ್ಪಂದಕ್ಕೆ ಬಂದವು. ಟ್ಯಾಂಕು ಇಲ್ಲ ಅಂತ ಜನರ ಮೇಲೆ ಕೇಸು ಹಾಕುವುದನ್ನು ನಿಲ್ಲಿಸಬೇಕು ಅನ್ನುವುದೂ ಅದರಲ್ಲಿತ್ತು. 2025ರ ಏಪ್ರಿಲ್‌ನಲ್ಲಿ ಕೇಂದ್ರದ ಹೊಸ ಸರ್ಕಾರ ಆ ಒಪ್ಪಂದವನ್ನು ಕೈಬಿಟ್ಟಿತು.

ಇಲ್ಲಿ ಕಾನೂನಿನ ಕಣ್ಣು ಇತ್ತು, ಆದರೆ ಕೈ ಇರಲಿಲ್ಲ. ತಪ್ಪು ತೋರಿಸಿ, ಸರಿಮಾಡುವ ದಾರಿ ಕೊಡದ ಪರ್ಮಿಟ್ ವ್ಯವಸ್ಥೆ ಇದ್ದಲ್ಲಿ ಜನ ತಮ್ಮ ತಪ್ಪನ್ನು ಮುಚ್ಚಿಟ್ಟುಕೊಂಡೇ ಬದುಕುತ್ತಾರೆ. ಅಧಿಕಾರಿಯನ್ನು ಕಂಡರೆ ಗೇಟು ಹಾಕಿಕೊಳ್ಳುತ್ತಾರೆ. ಹಾಗಾದ ಮೇಲೆ ಎಲ್ಲಿ ಏನಿದೆ ಅನ್ನುವ ಮಾಹಿತಿಯೂ ಸಿಗುವುದಿಲ್ಲ.

ಭಾರತದಲ್ಲಿ ಈ ಪ್ರಶ್ನೆ ಈಗ ಹೊಸದಾಗಿ, ಬಲು ಬೇಗ ದೊಡ್ಡದಾಗುತ್ತಿದೆ. 2019ರ ಆಗಸ್ಟ್ 15ರಂದು ಹಳ್ಳಿಯ ಮನೆಮನೆಗೆ ನಲ್ಲಿ ನೀರು ಕೊಡುವ ಜಲ ಜೀವನ್ ಮಿಷನ್ ಘೋಷಣೆಯಾದಾಗ ಗ್ರಾಮೀಣ ಮನೆಗಳಲ್ಲಿ ನಲ್ಲಿ ಇದ್ದದ್ದು 3.23 ಕೋಟಿಗೆ, ಅಂದರೆ ನೂರಕ್ಕೆ 17ರಷ್ಟು. ಈಗ ಅದು 15 ಕೋಟಿ ದಾಟಿದೆ. ತಲೆಗೆ ದಿನಕ್ಕೆ 55 ಲೀಟರ್ ಗುರಿ. ಗಡುವು 2028ರವರೆಗೆ ಮುಂದೆ ಹೋಗಿದೆ. ಇದುವರೆಗೆ ಬಾವಿ, ಕೈಪಂಪು ನೋಡಿಕೊಂಡಿದ್ದ ಹಳ್ಳಿಗಳಲ್ಲಿ ಈಗ ಒತ್ತಡದ ಪೈಪಿನ ಜಾಲ ಇದೆ. ಊರ ಪೈಪು ಹಳ್ಳಿಯ ಮನೆಯ ಬಾಗಿಲಿಗೇ ಬಂತು, ಆದರೆ ಅದರ ಜೊತೆ ಬರಬೇಕಾದ ಕಣ್ಣು ಬಂದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಒಂಬತ್ತನೆಯ ಭಾಗ ಪ್ಲಂಬಿಂಗ್ ಬಗ್ಗೆಯೇ ಇದೆ. ಆದರೆ ಅದು ತಾನಾಗಿಯೇ ಕಡ್ಡಾಯವಲ್ಲ. ಸ್ಥಳೀಯ ಕಟ್ಟಡ ನಿಯಮಗಳು ಅದನ್ನು ಒಪ್ಪಿಕೊಂಡ ಮೇಲಷ್ಟೇ ಅದಕ್ಕೆ ಬಲ. ಮನೆ ಒಳಗಿನ ಜೋಡಣೆ ನೋಡಲು ಯಾರೂ ಇಲ್ಲ ಅನ್ನುವ ಹಳ್ಳಿಗಳೇ ಜಾಸ್ತಿ.

ಇದರ ಪರಿಣಾಮ ಕಾಣುವುದು ನೀರು ಬಿಡುವ ಹೊತ್ತಿಗೆ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬರುವ ಲೈನಿಗೆ ಯಾರಾದರೂ ನೇರ ಮೋಟರು ಹಚ್ಚಿ ಎಳೆದರೆ, ಲೈನಿನಲ್ಲಿ ಒತ್ತಡ ಕುಸಿಯುತ್ತದೆ. ಪಕ್ಕದ ಮನೆಗೆ ನೀರು ಬರುವುದಿಲ್ಲ ಅನ್ನುವುದು ಕಾಣುವ ತೊಂದರೆ. ಕಾಣದ್ದು ಬೇರೆ. ಮೋರಿಯ ಪಕ್ಕದಲ್ಲಿ ಎಲ್ಲೋ ಸಡಿಲಾದ ಜಾಯಿಂಟಿನಿಂದ ನೀರು ಹೊರಗೆ ಸೋರುವ ಬದಲು, ಮೋರಿಯ ನೀರು ಒಳಗೆ ಬರುತ್ತದೆ. ಮಿಷನ್ನಿನಡಿ "ನಲ್ ಜಲ್ ಮಿತ್ರ" ಎಂಬ ಹೆಸರಲ್ಲಿ ಹಳ್ಳಿಯವರಿಗೇ ಪ್ಲಂಬಿಂಗ್, ಗಾರೆ ಕೆಲಸ, ಎಲೆಕ್ಟ್ರಿಕಲ್, ಪಂಪು ನೋಡಿಕೊಳ್ಳುವುದು ಎಲ್ಲವನ್ನೂ ಸೇರಿಸಿ ಕಲಿಸುವ ಯೋಜನೆ ಇದೆ. ಯೋಚನೆ ಸರಿಯಾದದ್ದೇ. ಹಳ್ಳಿಗೆ ಬೇಕಾದವನು ಎಲ್ಲ ತಿಳಿದ ಒಬ್ಬನೇ, ನಾಲ್ಕು ಜನ ತಜ್ಞರಲ್ಲ. ಅವನಿಗೆ ಕೆಲಸ ಕಲಿಸುವುದರ ಜೊತೆ "ಇದು ಬೇಡ" ಅನ್ನುವ ಅಧಿಕಾರವನ್ನೂ ಪಂಚಾಯಿತಿ ಕೊಡುತ್ತದಾ ಅನ್ನುವುದರ ಮೇಲೆ ಉಳಿದದ್ದು ನಿಂತಿದೆ.

ಇನ್ನು ದಾರಿಗಳ ಮಾತು. ಕೆಲವು ಕಡೆ ನಡೆದಿರುವ ಪ್ರಯೋಗಗಳು ನನಗೆ ಇಷ್ಟವಾಗುವುದು ಅವು ಲೈಸೆನ್ಸಿನ ಜಗಳದಿಂದ ಆಚೆ ಬಂದಿರುವುದಕ್ಕೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2012ರಿಂದ ಅನೇಕ ಸಣ್ಣ ಕೆಲಸಗಳಿಗೆ ಮೊದಲೇ ಪರ್ಮಿಟ್ ಬೇಡ. ಲೈಸೆನ್ಸ್ ಇರುವ ಪ್ಲಂಬರ್ ಕೆಲಸ ಮುಗಿಸಿ ಒಂದು ಫಾರಂ ಸಲ್ಲಿಸಿದರೆ ಸಾಕು. ಎಲ್ಲವನ್ನೂ ನೋಡುವುದಿಲ್ಲ, ಕೆಲವನ್ನು ಆರಿಸಿ ತಪಾಸಣೆ ಮಾಡುತ್ತಾರೆ. ಅಮೆರಿಕದ ಅರಿಜೋನಾ 2019ರಲ್ಲಿ ಬೇರೆ ರಾಜ್ಯದ ಲೈಸೆನ್ಸನ್ನು ವ್ಯಾಪಕವಾಗಿ ಒಪ್ಪಿಕೊಳ್ಳುವ ಕಾನೂನು ತಂದ ಮೊದಲ ರಾಜ್ಯವಾಯಿತು. ಗಡಿಯ ಆಚೆ ಇರುವ ಪ್ಲಂಬರ್ ಈಚೆಗೆ ಬಂದು ನೆಲೆಸಿದರೆ ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ. 2020ರಲ್ಲಿ ಕೋವಿಡ್ ಬಂದಾಗ ಅನೇಕ ಕಡೆ ವಿಡಿಯೋ ಕರೆಯಲ್ಲಿ ತಪಾಸಣೆ ಮಾಡುವುದು ಶುರುವಾಯಿತು. ಹಳ್ಳಿಗಾಡಿಗೆ ಇದಕ್ಕಿಂತ ಒಳ್ಳೆಯ ಬದಲಾವಣೆ ಈಚೆಗೆ ಬಂದಿಲ್ಲ ಅನ್ನುತ್ತೇನೆ. ನೆಟ್‌ವರ್ಕ್ ಸಿಗುವ ಕಡೆ, ಅಂತ ಸೇರಿಸಬೇಕು.

ಈ ವ್ಯವಸ್ಥೆ ಎಷ್ಟು ನಾಜೂಕು ಅನ್ನುವುದಕ್ಕೆ ಒಂದು ಅಡ್ಡಮಾತು. 2019ರಲ್ಲಿ ಟೆಕ್ಸಾಸ್ ಶಾಸನಸಭೆ ಒಳಜಗಳದಲ್ಲಿ ಲೈಸೆನ್ಸ್ ಕೊಡುವ ಪ್ಲಂಬರುಗಳ ಮಂಡಳಿಯನ್ನು ಮುಂದುವರಿಸುವ ಮಸೂದೆ ಪಾಸು ಮಾಡದೆ ಅಧಿವೇಶನ ಮುಗಿಸಿಬಿಟ್ಟಿತು. ಇಡೀ ರಾಜ್ಯದ ಪ್ಲಂಬಿಂಗ್ ಲೈಸೆನ್ಸ್ ಕಾನೂನೇ ಇಲ್ಲವಾಗುವುದರಲ್ಲಿತ್ತು. ಕೊನೆಗೆ ಗವರ್ನರ್ ಗ್ರೆಗ್ ಅಬಾಟ್ ಚಂಡಮಾರುತದ ಪರಿಹಾರಕ್ಕೆ ಇದ್ದ ತುರ್ತು ಅಧಿಕಾರ ಬಳಸಿ ಮಂಡಳಿಯನ್ನು 2021ರವರೆಗೆ ಉಳಿಸಿದರು. ಆ ಚಂಡಮಾರುತ ಬಂದು ಆಗಲೇ ಸುಮಾರು ಎರಡು ವರ್ಷವಾಗಿತ್ತು.

ನನಗೆ ಸರಿ ಅನ್ನಿಸುವ ನಿಯಮ ಹೀಗಿದ್ದೀತು. ನಲ್ಲಿ, ಸಿಂಕು, ವಾಷರ್, ಒಳಗಿನ ಪೈಪಿನ ಸೋರಿಕೆ, ಇವನ್ನು ಯಾರು ಬೇಕಾದರೂ ಮಾಡಲಿ, ಯಾರನ್ನೂ ಕೇಳುವುದು ಬೇಡ. ಬಾವಿಯ ಬಾಯಿ, ಸೆಪ್ಟಿಕ್ ಟ್ಯಾಂಕು, ಬಿಸಿನೀರಿನ ಟ್ಯಾಂಕಿನ ವಾಲ್ವ್, ಗ್ಯಾಸ್, ಬೇರೆ ದ್ರವ ಕುಡಿಯುವ ಲೈನಿಗೆ ತಾಗುವ ಜಾಗ, ಈ ಐದಕ್ಕೆ ಪರ್ಮಿಟ್ ಕಡ್ಡಾಯವಾಗಲಿ. ಆದರೆ ಅದನ್ನು ಮನೆಯೊಡೆಯನೂ ತೆಗೆದುಕೊಳ್ಳುವಂತಿರಲಿ, ಶುಲ್ಕ ಹೆಸರಿಗೆ ಮಾತ್ರ ಇರಲಿ. ಗ್ಯಾಸ್ ಒಂದನ್ನು ಬಿಟ್ಟು ಉಳಿದದ್ದಕ್ಕೆ ಯಾರು ಮಾಡಿದರು ಅಂತ ಕೇಳದೆ, ಹೇಗೆ ಮಾಡಿದರು ಅಂತ ನೋಡಲಿ. ಟ್ಯಾಂಕು ಹಾಕಲಾಗದ ಮನೆಗೆ ನೋಟಿಸಿನ ಮೊದಲು ನೆರವು ತಲುಪಲಿ. ಪ್ಲಂಬರುಗಳ ಸಂಘಗಳಿಗೆ ಇದು ಇಷ್ಟವಾಗಲಿಕ್ಕಿಲ್ಲ. ಅರೆಬರೆ ತಿಳಿದವರು ನುಗ್ಗುತ್ತಾರೆ ಅನ್ನುವ ಅವರ ಭಯ ಸುಳ್ಳೂ ಅಲ್ಲ. ಆದರೆ ಅರೆಬರೆ ತಿಳಿದವರು ಈಗಾಗಲೇ ನುಗ್ಗಿದ್ದಾರೆ, ಯಾರ ಕಣ್ಣಿಗೂ ಬೀಳದೆ.

ಪರ್ಮಿಟ್ ಇಲ್ಲದ ಜಾಗದಲ್ಲಿ ಮನೆ ಕಟ್ಟುತ್ತಿರುವವರು ತಪಾಸಣೆಯನ್ನು ತಾವೇ ಮಾಡಿಸಿಕೊಳ್ಳಬಹುದು. ಅದರ ಗುಟ್ಟು ಇಷ್ಟೇ: ಮುಚ್ಚುವ ಮೊದಲು ನೋಡುವುದು. ಇನ್‌ಸ್ಪೆಕ್ಟರ್ ಬಂದಿದ್ದರೆ ಕೊಳಚೆ ಪೈಪಿನ ತುದಿ ಮುಚ್ಚಿಸಿ, ಹತ್ತು ಅಡಿ ಎತ್ತರಕ್ಕೆ ನೀರು ತುಂಬಿಸಿ, 15 ನಿಮಿಷ ಬಿಟ್ಟು, ಮಟ್ಟ ಇಳಿಯಿತಾ ಅಂತ ನೋಡುತ್ತಿದ್ದ. ಸಣ್ಣ ಪೈಪಿಗೆ ಅಡಿಗೆ ಕಾಲು ಇಂಚು ಇಳಿಜಾರು ಇದೆಯಾ ಅಂತ ಮಟ್ಟಗೋಲು ಇಡುತ್ತಿದ್ದ. ಇದನ್ನು ಪೈಪು ಹಾಕಿದವನ ಎದುರೇ ಮಾಡಿಸಿ. ಆಮೇಲೆ ಗೋಡೆಯಿಂದ ಎಷ್ಟು ದೂರ, ಎಷ್ಟು ಆಳ ಅಂತ ಟೇಪು ಕಾಣುವ ಹಾಗೆ ಹಿಡಿದು ಫೋಟೋ ತೆಗೆಯಿರಿ. ಟ್ಯಾಂಕಿನ ಮುಚ್ಚಳ, ಬಾವಿ, ಮನೆಯ ಮೂಲೆ ಮೂರೂ ಒಂದೇ ಚಿತ್ರದಲ್ಲಿ ಬರಲಿ. ಫೋನಿನಲ್ಲಿ ಉಳಿಯುವುದಿಲ್ಲ, ಮುದ್ರಿಸಿ ಮನೆಪತ್ರದ ಜೊತೆ ಇಡಿ. ಮಣ್ಣು ಎಳೆಯುವುದು ಅದಾದ ಮೇಲೆ.